ಮಿಸ್ ನೆಲ್ ಮನೆಯ ಆರನೆಯ ತಲೆ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗಾಗುವುದಿಲ್ಲ. ಈ ಓಕ್ಲಹೋಮದ ಬಯಲಲ್ಲೇ ಹುಟ್ಟಿ ಬೆಳೆದವಳು ನಾನು. ಇಲ್ಲಿ ಗಾಳಿ ಎರಡು ದಿನ ಬಿಡದೆ ಬೀಸಿದರೆ ಸಾಕು, ಯಾರಾದರೊಬ್ಬರು ಅಡುಗೆಮನೆಯಲ್ಲಿ ಸತ್ತ ಅಜ್ಜಿಯನ್ನು ನೋಡಿರುತ್ತಾರೆ. ಅಜ್ಜಿ ನಿಜವಾಗಿ ಬಂದಿದ್ದರೆ ಪಾತ್ರೆಯನ್ನಾದರೂ ತೊಳೆದಿಟ್ಟು ಹೋಗುತ್ತಿದ್ದಳು ಎನ್ನುವುದು ನಾನು ಅಂಥವರಿಗೆ ಕೊಡುವ ಉತ್ತರ. ಹಾಗಾಗಿ ವರ್ನೆಲ್ ಸ್ಪ್ರೇಗ್ ಎಂಬ ಹೆಂಗಸಿನ ವಿಷಯ ಬರೆಯಲು ಕೂತರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಆದರೇನು ಮಾಡಲಿ, ಎಣಿಸಿದವಳು ನಾನೇ. ಎಣಿಸುವುದು ನನ್ನ ಕೆಲಸ.

ಫೋರ್ಟ್ ಹ್ಯಾಸ್ಕಲ್ ಎಂಬ ಫಿರಂಗಿ ಪಡೆಯ ನೆಲೆಯಲ್ಲಿ, ಮಕ್ಕಳ ಆರೈಕೆ ನೋಡಿಕೊಳ್ಳುವ ಕಚೇರಿಯಲ್ಲಿ, ನಾನು ಹದಿನೇಳು ವರ್ಷದಿಂದ ಇದ್ದೇನೆ. ಸೈನಿಕರ ಮಕ್ಕಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುವ ಹೆಂಗಸರಿಗೆ ಪರವಾನಗಿ ಕೊಡುತ್ತೇನೆ. ಆಮೇಲೆ ಹೇಳದೆ ಕೇಳದೆ ಅವರ ಮನೆಗೆ ನುಗ್ಗಿ ಹಾಲಿನ ತಾರೀಕು, ಔಷಧಿಯ ಬೀಗ, ಮಕ್ಕಳ ತಲೆ ಎಲ್ಲ ನೋಡುತ್ತೇನೆ. ‘ಡಾರ್ಲಾ ಬಂದಳು’ ಎಂದರೆ ಇಡೀ ಬೀದಿಯ ಪೊರಕೆಗಳು ಎದ್ದು ನಿಲ್ಲುತ್ತವೆ ಎಂದು ನನ್ನ ಗಂಡ ಗೇಲಿ ಮಾಡುತ್ತಾನೆ. ಅವನು ಇಪ್ಪತ್ತೆರಡು ವರ್ಷ ಫಿರಂಗಿಯ ಪಕ್ಕ ನಿಂತು ಕಿವುಡಾದವನು. ನಾನು ತಿರುಗಿ ಬೈದರೆ ಅವನಿಗೆ ಕೇಳಿಸುವುದಿಲ್ಲ.

ವರ್ನೆಲ್ಲಳ ಮನೆಯಲ್ಲಿ ಮಾತ್ರ ಪೊರಕೆ ಏಳುತ್ತಿರಲಿಲ್ಲ. ಅದು ಯಾವಾಗಲೂ ಎದ್ದೇ ಇರುತ್ತಿತ್ತು. ನೆಲೆಯ ದಕ್ಷಿಣದ ಗೇಟು ದಾಟಿದರೆ ಎದುರಿಗೇ ಅವಳ ಮನೆ. ಆರಡಿ ಎತ್ತರದ ಹೆಂಗಸು. ಕಾಲಿಗೆ ಗಂಡಸರ ಬೂಟು, ಮಾತು ಮೆಲ್ಲಗೆ. ಹುಟ್ಟಿದ್ದು ಆರ್ಕನ್ಸಾದ ಒಂದು ಹತ್ತಿಯ ಊರು. ಪರ್ವಿಸ್ ಎಂಬ ಫಿರಂಗಿ ಸಿಪಾಯಿಯನ್ನು ಮದುವೆಯಾಗಿ, ಹದಿನಾಲ್ಕು ವರ್ಷದಲ್ಲಿ ಒಂಬತ್ತು ಸಲ ಮನೆ ಬದಲಾಯಿಸಿ, ಕೊನೆಗೆ ಇಲ್ಲಿಗೆ ಬಂದಳು. ಗಂಡ ನಿವೃತ್ತನಾದ ವರ್ಷವೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಹೆತ್ತದ್ದು ಒಂದೂ ಇಲ್ಲ. ತವರಿಗೆ ಹೋಗುವುದಿಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ.

“ಇನ್ನೊಂದು ಪೆಟ್ಟಿಗೆ ಕಟ್ಟೋದು ನನ್ನ ಕೈಲಾಗಲ್ಲ ಡಾರ್ಲಾ,” ಎಂದಳು. “ಅಲ್ಲದೆ, ಎಲ್ಲರೂ ಹೋಗ್ತಾನೇ ಇರೋ ಊರಲ್ಲಿ ಇರೋಳು ಅಂತ ಒಬ್ಬಳು ಬೇಕಲ್ಲ.”

ಮಕ್ಕಳಿಗೆ ಅವಳು ಮಿಸ್ ನೆಲ್. ಮುದ್ದು ಮಾಡುವ ಜಾತಿಯವಳಲ್ಲ. ಬಿದ್ದು ಅತ್ತ ಮಗುವಿನ ಪಕ್ಕ ಕೂತು, ಅಳು ಮುಗಿಯುವ ತನಕ ಬಟಾಣಿ ಸುಲಿಯುತ್ತಿದ್ದಳು ಅಷ್ಟೆ. ಆದರೆ ಬೇರೆ ಮನೆಗಳಲ್ಲಿ ಬೆಳಗ್ಗೆ ಅಮ್ಮನ ಕಾಲು ಹಿಡಿದು ರಂಪ ಮಾಡುವ ಮಕ್ಕಳು ಇಲ್ಲಿ ಸುಮ್ಮನೆ ಒಳಗೆ ಹೋಗುತ್ತಿದ್ದವು. ಸುಳ್ಳು ಎಂಬುದು ಅವಳ ಬಾಯಲ್ಲಿ ಬಂದದ್ದು ನಾನು ಕೇಳಿಲ್ಲ. ಒಮ್ಮೆ ಒಂದು ದಿನ ಹಳೆಯದಾದ ಹಾಲು ಕೊಟ್ಟುಬಿಟ್ಟೆ ಎಂದು ತಾನೇ ಫೋನ್ ಮಾಡಿ ತನ್ನ ಮೇಲೆ ತಾನೇ ದೂರು ಬರೆಸಿದ್ದಳು. ಇಂಥವಳನ್ನು ಇಟ್ಟುಕೊಂಡು ನಾನು ತಪಾಸಣೆ ಏನು ಮಾಡಲಿ! ವರ್ಷಗಳಿಂದ ಅಲ್ಲಿ ತಲೆ ಎಣಿಸದೆ, ಅವಳು ಬರೆದ ಪಟ್ಟಿಯನ್ನೇ ನಂಬಿ ಬರುತ್ತಿದ್ದೆ.

ಆ ವರ್ಷ ಅಕ್ಟೋಬರಿನ ಒಂದು ಸೋಮವಾರ ನನ್ನ ಕಚೇರಿಗೆ ಅರಸೇಲಿ ಜಮರಿಪಾ ಎಂಬ ಸಾರ್ಜೆಂಟ್ ಬಂದಳು. ಟೆಕ್ಸಾಸಿನ ಗಡಿಯ ಕಡೆಯವಳು, ಇಪ್ಪತ್ತಾರರ ಹುಡುಗಿ, ಗಂಡ ಬಿಟ್ಟು ಹೋಗಿದ್ದ. ಮೂರು ವರ್ಷದ ಮಗ ರುಬೆನ್ ಅವಳ ಸಮವಸ್ತ್ರದ ತೋಳನ್ನು ಎರಡು ಬೆರಳಲ್ಲಿ ಹಿಡಿದು ನಿಂತಿದ್ದ. ಮಗುವಿಗೆ ಇದು ಮೂರನೆಯ ಊರು. ಹಿಂದಿನ ಊರಲ್ಲಿ ಚಿಲಿಪಿಲಿ ಮಾತಾಡುತ್ತಿದ್ದವನು ಇಲ್ಲಿಗೆ ಬಂದ ಮೇಲೆ ಬಾಯೇ ತೆರೆದಿಲ್ಲವಂತೆ.

“ಮ್ಯಾಮ್, ದೊಡ್ಡ ಶಿಶುಕೇಂದ್ರದ ಪಟ್ಟಿಯಲ್ಲಿ ನಾನು ಎಷ್ಟನೆಯವಳು?”

“ಎಪ್ಪತ್ತೊಂದು.”

“ಅಂದ್ರೆ ಯಾವಾಗ ಸಿಗುತ್ತೆ?”

“ನಿನ್ನ ಮಗನಿಗೆ ಮೀಸೆ ಬರೋ ಹೊತ್ತಿಗೆ,” ಎಂದೆ. ಕೆಟ್ಟ ತಮಾಷೆ. ಅವಳು ನಗಲಿಲ್ಲ.

ಒಂಟಿ ತಂದೆಯೋ ತಾಯಿಯೋ ಸೈನ್ಯದಲ್ಲಿದ್ದರೆ ಆರೈಕೆ ಪತ್ರ ಕೊಡಲೇಬೇಕು. ತಾನು ಯುದ್ಧಾಭ್ಯಾಸದ ಮೈದಾನಕ್ಕೆ ಹೋದರೆ ಮಗುವನ್ನು ಇಂಥವರು ನೋಡಿಕೊಳ್ಳುತ್ತಾರೆ ಎಂದು ಊರಿನ ಒಬ್ಬರ ರುಜು ಅದರಲ್ಲಿರಬೇಕು. ಹೊಸ ಊರಿಗೆ ಬಂದು ಮೂವತ್ತು ದಿನದೊಳಗೆ. ಪಕ್ಕದ ಮನೆಯವರ ಹೆಸರೂ ಗೊತ್ತಿರದ ಊರಲ್ಲಿ, ಮಗುವನ್ನು ಒಪ್ಪಿಸುವಂಥ ಆಪ್ತರನ್ನು ಮೂವತ್ತು ದಿನದಲ್ಲಿ ಹುಡುಕು ಎನ್ನುತ್ತದೆ ಸರ್ಕಾರ. ಈ ನಿಯಮ ಮಾಡಿದವನು ಯಾವತ್ತೂ ಪೆಟ್ಟಿಗೆ ಕಟ್ಟಿದವನಲ್ಲ. ಅರಸೇಲಿಗೆ ಉಳಿದಿದ್ದದ್ದು ಶುಕ್ರವಾರದ ತನಕ. ಅಷ್ಟರೊಳಗೆ ಯಾರೂ ಸಿಗದಿದ್ದರೆ ರುಬೆನ್‌ನನ್ನು ಓಹಾಯೊದಲ್ಲಿರುವ, ಅವನು ಕಂಡೇ ಇರದ, ಗಂಡನ ಅಕ್ಕನ ಮನೆಗೆ ಒಂದು ವರ್ಷ ಕಳಿಸಬೇಕಿತ್ತು.

“ಅಲ್ಲಿಗೂ ಕಳಿಸಿದ್ರೆ ಇವನು ಮತ್ತೆ ಮಾತಾಡಲ್ಲ ಮ್ಯಾಮ್,” ಎಂದಳು. “ನಂಗೊತ್ತು.”

ನಾನು ಕಡತ ತಿರುವಿದೆ. ವರ್ನೆಲ್ಲಳ ಪರವಾನಗಿ ಆರು ಮಕ್ಕಳಿಗೆ. ಇದ್ದದ್ದು ಐದು. ಒಂದು ಜಾಗ ಖಾಲಿ. ದೇವರು ಕಣ್ಣು ಬಿಟ್ಟ ಎಂದುಕೊಂಡು ತಾಯಿ ಮಗನನ್ನು ಅಲ್ಲಿಗೆ ಅಟ್ಟಿದೆ. ಅರ್ಧ ಗಂಟೆಯಲ್ಲಿ ಅರಸೇಲಿಯ ಫೋನ್ ಬಂತು. ಜಾಗ ಇಲ್ಲ, ಮನೆ ತುಂಬಿದೆ ಎಂದು ವರ್ನೆಲ್ ಬಾಗಿಲಲ್ಲೇ ಹೇಳಿದಳಂತೆ.

ನಾನೇ ಫೋನ್ ಮಾಡಿದೆ. “ಏನೇ ವರ್ನೆಲ್, ನನ್ನ ಕಾಗದದಲ್ಲಿ ಐದೇ ಇವೆ.”

“ನನ್ನ ಎಣಿಕೆಯಲ್ಲಿ ಆರಿವೆ.”

“ನಿನಗೆ ಎಣಿಸೋಕೆ ಬರಲ್ವಾ? ಯಾರದೋ ಮಗೂನ ಕದ್ದು ಇಟ್ಕೊಂಡಿದೀಯಾ?”

“ನೀನೇ ಬಂದು ಎಣಿಸು,” ಎಂದು ಫೋನ್ ಇಟ್ಟುಬಿಟ್ಟಳು.

ನನಗೆ ಮೈಯೆಲ್ಲ ಉರಿಯಿತು. ಕಾಗದದಲ್ಲಿಲ್ಲದ ಮಗುವನ್ನು ಇಟ್ಟುಕೊಳ್ಳುವುದು ಎಂದರೆ ಪರವಾನಗಿ ಹೋಗುವ ಮಾತು. ಬುಧವಾರ ಸಂಜೆ ಐದಕ್ಕೆ ಹತ್ತು ನಿಮಿಷವಿರುವಾಗ ಹಿಂಬಾಗಿಲಿನಿಂದಲೇ ಅವಳ ಅಡುಗೆಮನೆಗೆ ನುಗ್ಗಿದೆ. ಅವಳು ಒಲೆಯ ಮುಂದೆ ನಿಂತು ಜೋಳದ ಬ್ರೆಡ್ಡಿನ ಸೀದ ತಳವನ್ನು ಕೆರೆಯುತ್ತಿದ್ದಳು. ಮಕ್ಕಳೆಲ್ಲ ಮುಂದಿನ ಅಂಗಳದಲ್ಲಿದ್ದವು. ದೂರದಲ್ಲಿ ಫಿರಂಗಿಗಳ ಅಭ್ಯಾಸ ನಡೆದಿತ್ತು. ಒಂದೊಂದು ಹೊಡೆತಕ್ಕೂ ಕಪಾಟಿನ ಲೋಟಗಳು ಸದ್ದು ಮಾಡುತ್ತಿದ್ದವು. ಆ ಸದ್ದು ನಮಗೆ ಯಾರಿಗೂ ಲೆಕ್ಕಕ್ಕಿಲ್ಲ.

“ಕಹಳೆ ಆಗೋ ತನಕ ತಡಿ. ಆಗ ಓಡಾಡಲ್ಲ, ಸರಿಯಾಗಿ ಎಣಿಸಬಹುದು,” ಎಂದಳು ವರ್ನೆಲ್.

ಐದಕ್ಕೆ ಕಹಳೆ ಮೊಳಗಿತು. ಬಾವುಟ ಇಳಿಸುವ ಹೊತ್ತದು. ನೆಲೆಯೊಳಗೆ ಕಾರುಗಳು ನಿಂತಲ್ಲೇ ನಿಲ್ಲುತ್ತವೆ, ಜನ ಇಳಿದು ಬಾವುಟದ ಕಡೆ ಮುಖ ಮಾಡುತ್ತಾರೆ. ಗೇಟಿನ ಹೊರಗೆ ಆ ನಿಯಮವಿಲ್ಲ. ಆದರೂ ವರ್ನೆಲ್ ತನ್ನ ಮಕ್ಕಳನ್ನು ನಿಲ್ಲಿಸುತ್ತಿದ್ದಳು. ನಾನು ಕಿಟಕಿಯಿಂದ ನೋಡಿದೆ. ಅಂಗಳದ ಹುಲ್ಲಿನಲ್ಲಿ ಮಕ್ಕಳು ನನಗೆ ಬೆನ್ನು ಹಾಕಿ, ಎದೆಯ ಮೇಲೆ ಕೈಯಿಟ್ಟು, ಅಲ್ಲಾಡದೆ ಸಾಲಾಗಿ ನಿಂತಿದ್ದವು. ಎಣಿಸಿದೆ. ಆರು.

“ಸಿಕ್ಕಿಬಿದ್ದೆ,” ಎಂದೆ. “ಯಾವುದೇ ಅದು ಆರನೇದು?”

“ಹೆಸರು ಹಿಡಿದು ಎಣಿಸು.”

ನಮ್ಮ ನಿಯಮವೂ ಅದೇ. ಮೊದಲು ತಲೆ, ಆಮೇಲೆ ಹೆಸರು. ಎರಡೂ ಹೊಂದಬೇಕು. ಎಡಗಡೆಯಿಂದ ಶುರು ಮಾಡಿದೆ. ಟ್ಯಾಲಿ. ಕೋಬಿನ್. ಅವಳಿಗಳಾದ ಜೂಡ್, ಜೋರಾ. ಜೋರಾಳ ಕೈ ಹಿಡಿದು ತೂರಾಡುತ್ತಾ ನಿಂತ ಚಿಕ್ಕವನು ಮೈಲೋ. ಐದು. ಹೆಸರಿಲ್ಲದ ಮಗು ಅಲ್ಲಿರಲಿಲ್ಲ. ಕಣ್ಣುಜ್ಜಿಕೊಂಡು ಹೆಸರು ಬಿಟ್ಟು ತಲೆ ಎಣಿಸಿದೆ. ಆರು. ಬಲಗಡೆಯಿಂದ ಎಣಿಸಿದೆ. ಆರು. ಪ್ರತಿಯೊಂದು ತಲೆಯ ಮೇಲೂ ಕಣ್ಣು ನಿಲ್ಲಿಸಿ ಇದು ಯಾರದು ಎಂದು ಕೇಳಿಕೊಂಡೆ. ಪ್ರತಿಯೊಂದಕ್ಕೂ ಹೆಸರಿತ್ತು, ಹೆಸರು ಮಾತ್ರ ಐದೇ ಆಗುತ್ತಿತ್ತು. ಕಹಳೆ ನಿಂತಿತು, ಮಕ್ಕಳು ಚದುರಿದವು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹೆದರಿಕೆಯಾಯಿತು.

“ಕೂತ್ಕೋ, ಬಿದ್ದುಗಿದ್ದೀಯ,” ಎಂದು ವರ್ನೆಲ್ ಕುರ್ಚಿ ಎಳೆದಳು. “ಮೂರು ವರ್ಷದಿಂದ ಹೀಗೇ ಇದೆ.”

“ಮತ್ತೆ ನನ್ನ ಕಾಗದದಲ್ಲಿ ಐದು ಅಂತ ಬರೀತಿದ್ದೆಯಲ್ಲೇ!”

“ಕಾಗದ ಹೆಸರು ಕೇಳುತ್ತೆ, ಬರೀತೀನಿ. ಜಾಗ ಇದೆಯಾ ಅಂತ ಇಷ್ಟು ದಿನ ಯಾರೂ ಕೇಳಿರಲಿಲ್ಲ. ನೀನು ಕೇಳಿದೆ, ಇಲ್ಲ ಅಂದೆ. ಅಂದ ಹಾಗೆ ತಟ್ಟೆ ಐದೇ ಇಡೋದು. ಅವಳು ಊಟ ಮಾಡಲ್ಲ. ನಾನೇನು ಹುಚ್ಚಿ ಅಲ್ಲ.”

“ಅವಳು ಅಂದ್ರೆ ಯಾರು?”

“ಡೆಸಿ. ಪ್ರೇದರ್ ಅವರ ಮಗಳು.”

ಡೆಸಿ ಎಂದು ಎಲ್ಲರೂ ಕರೆಯುತ್ತಿದ್ದ ಒಡೆಸ್ಸಾ ಪ್ರೇದರ್ ನನಗೂ ನೆನಪಿದ್ದಳು. ಆರು ವಾರದ ಕೂಸಾಗಿ ಬಂದು, ನಾಲ್ಕು ವರ್ಷದವಳಾಗುವ ತನಕ ಆ ಮನೆಯಲ್ಲಿ ಬೆಳೆದ ಹುಡುಗಿ. ಸತ್ತಿರಲಿಲ್ಲ, ಏನಿಲ್ಲ. ತಂದೆಗೆ ವರ್ಗವಾಗಿ ಹೋಗಿದ್ದಳು ಅಷ್ಟೆ. ವರ್ನೆಲ್ ಆಗ ತನ್ನ ಮನೆಯ ಒಂದು ಪದ್ಧತಿ ಹೇಳಿದಳು. ನನಗೆ ಅದುವರೆಗೆ ಗೊತ್ತೇ ಇರಲಿಲ್ಲ. ದಿನಾ ಬೆಳಗ್ಗೆ ಹಾಜರಿ ಕರೆದಾಗ ಮಕ್ಕಳು ‘ಇದ್ದೀನಿ’ ಅನ್ನಬೇಕು. ಒಂದು ಮಗುವಿನ ಮನೆಯವರಿಗೆ ವರ್ಗವಾಯಿತೆನ್ನಿ, ಕೊನೆಯ ದಿನ ಸಂಜೆ ಎಲ್ಲರ ಮುಂದೆ ಅದರ ಪೂರ್ತಿ ಹೆಸರು ಕರೆಯುತ್ತಿದ್ದಳು. ಆಗ ಅದು ‘ಹೊರಟೆ’ ಅನ್ನಬೇಕು. ಅಂದು ತನ್ನ ಬೂಟು ತಾನೇ ಹಾಕಿಕೊಂಡು ಬಾಗಿಲು ದಾಟಬೇಕು. ಒಂಬತ್ತು ಸಲ ಮನೆ ಬದಲಿಸಿದವಳಿಗೆ ತೋಚಿದ ಉಪಾಯ ಅದು. ಹೋಗುವುದನ್ನು ಬಾಯಿಬಿಟ್ಟು ಹೇಳಿದರೆ ಮಗು ಪೂರ್ತಿ ಹೋಗುತ್ತದೆ, ಮುಂದಿನ ಊರಿಗೆ ಪೂರ್ತಿ ತಲುಪುತ್ತದೆ ಎಂದು ಅವಳ ನಂಬಿಕೆ.

“ಡೆಸಿಯ ಸಾಮಾನು ಕಟ್ಟೋರು ಒಂದು ದಿನ ಮುಂಚೆ ಬಂದುಬಿಟ್ರು. ಅವಳಪ್ಪ ಮಧ್ಯಾಹ್ನ ಓಡಿ ಬಂದ. ಅವಳು ಮಲಗಿದ್ದಳು. ಎಬ್ಬಿಸಬೇಡಿ, ಅಳ್ತಾಳೆ ಅಂತ ಹೆಗಲ ಮೇಲೆ ಹಾಕ್ಕೊಂಡು, ಬೂಟು ಕೈಲಿ ಹಿಡ್ಕೊಂಡು ಹೋದ. ನಾನೂ ಸುಮ್ಮನಿದ್ದೆ. ಮಾರನೇ ದಿನ ಬೆಳಗ್ಗೆ ಎಣಿಸಿದ್ರೆ ಒಂದು ಹೆಚ್ಚು.”

“ಹೇಳಬೇಕಿತ್ತಲ್ಲೇ ಮಾರಾಯ್ತಿ!”

“ಯಾರಿಗೆ? ನಿನಗಾ? ಅಜ್ಜಿ ಪಾತ್ರೆ ತೊಳೆದಳಾ ಅಂತ ಕೇಳ್ತಿದ್ದೆ.”

ಕಚೇರಿಗೆ ಹೋಗಿ ಹಳೆಯ ಕಡತ ತೆಗೆದು ಡೆಸಿಯ ತಾಯಿ ಕೊರಿನ್‌ಗೆ ಫೋನ್ ಮಾಡಿದೆ. ಅವರೀಗ ವಾಷಿಂಗ್ಟನ್ ರಾಜ್ಯದ ಒಂದು ನೆಲೆಯಲ್ಲಿದ್ದರು. ಡೆಸಿ ಹೇಗಿದ್ದಾಳೆ ಎಂದು ಕೇಳಿದ್ದಷ್ಟೇ.

“ಅಯ್ಯೋ, ನಿಮ್ಮ ತನಕ ಸುದ್ದಿ ಬಂತಾ?” ಎಂದು ಆಕೆ ಅಳುವುದಕ್ಕೇ ಶುರು ಮಾಡಿದಳು. “ಶಾಲೆಯಲ್ಲಿ ಇವಳು ಎಣಿಕೆಗೇ ಬರಲ್ಲ ಡಾರ್ಲಾ. ಇಪ್ಪತ್ತು ಮಕ್ಕಳಿದ್ರೆ ಹತ್ತೊಂಬತ್ತೇ ಆಗುತ್ತೆ. ಟೀಚರು ಇವಳ ಮುಂದೆ ನಿಂತ್ಕೊಂಡು, ಒಂದು ಮಗು ಕಾಣ್ತಿಲ್ಲ ಅಂತ ಹುಡುಕ್ತಾರೆ. ಎರಡು ಸಲ ಬಸ್ಸಲ್ಲಿ ಬಿಟ್ಟು ಹೋದ್ರು. ಹೋದ ತಿಂಗಳು ಬೆಂಕಿ ಬಿದ್ದರೆ ಹೊರಗೆ ಓಡೋ ಅಭ್ಯಾಸಕ್ಕೆ ಎಲ್ಲರೂ ಹೊರಗೆ ಬಂದ್ರು, ಇವಳೊಬ್ಬಳೇ ಒಳಗೆ ಕೂತಿದ್ದಳು. ಯಾಕೆ ಬರಲಿಲ್ಲ ಅಂದ್ರೆ, ನನ್ನನ್ನ ಕರೀಲಿಲ್ಲ ಅಂತಾಳೆ. ಮಡಿಲಲ್ಲಿ ಕೂರಿಸಿಕೊಂಡ್ರೆ ಭಾರನೇ ಇಲ್ಲ. ಡಾಕ್ಟರು ಎಲ್ಲ ಸರಿ ಇದೆ ಅಂತಾರೆ.”

ಅಲ್ಲಿ ಕಡಿಮೆ ಬಿದ್ದದ್ದು ಇಲ್ಲಿ ಹೆಚ್ಚು ಬಿದ್ದಿತ್ತು. ಇಷ್ಟು ಸುಲಭದ ಕೂಡುವ ಕಳೆಯುವ ಲೆಕ್ಕ. ಕೊರಿನ್‌ಗೆ ಎಲ್ಲ ಹೇಳಿ, ವರ್ನೆಲ್ ಫೋನಿನಲ್ಲೇ ಡೆಸಿಯ ಹೆಸರು ಕರೆದು ‘ಹೊರಟೆ’ ಅನ್ನಿಸಲಿ ಎಂದೆ. ಆಕೆ ನನ್ನನ್ನು ಬೈಯಲಿಲ್ಲ, ಹುಚ್ಚಿ ಅನ್ನಲಿಲ್ಲ. ಶುಕ್ರವಾರ ಶಾಲೆಗೆ ಕಳಿಸದೆ ಮನೆಯಲ್ಲೇ ಇರಿಸಿಕೊಳ್ಳುತ್ತೇನೆ ಎಂದಳು.

ಶುಕ್ರವಾರ ಮಧ್ಯಾಹ್ನ ವರ್ನೆಲ್ಲಳ ಮುಂದಿನ ಕೋಣೆಯಲ್ಲಿ ಮಕ್ಕಳೆಲ್ಲ ಚಾಪೆಯ ಮೇಲೆ ಕೂತಿದ್ದವು. ಅರಸೇಲಿಯ ಕೈಯಲ್ಲಿ ರುಜುವಿಲ್ಲದ ಆರೈಕೆ ಪತ್ರ, ತೋಳಿಗೆ ರುಬೆನ್. ನಾಲ್ಕು ಗಂಟೆಗೆ ಆ ಪತ್ರ ಅವಳ ಮೇಲಧಿಕಾರಿಯ ಮೇಜಿನ ಮೇಲಿರಬೇಕಿತ್ತು. ಆರನೆಯ ಜಾಗದ ಕಥೆಯನ್ನು ಅವಳಿಗೂ ಹೇಳಿದ್ದೆ. ಅವಳು ಶಿಲುಬೆಯ ಗುರುತು ಮಾಡಿಕೊಂಡು, “ನಮ್ಮಜ್ಜಿ ಆಗಿದ್ರೆ ಇಷ್ಟೊತ್ತಿಗೆ ಮೊಟ್ಟೆ ನಿವಾಳಿಸಿರ್ತಿದ್ದಳು,” ಎಂದಳು. ಫೋನಿನ ಪರದೆಯ ಮೇಲೆ ಏಳು ವರ್ಷದ ಡೆಸಿ ಕಾಣಿಸಿದಳು. ಅಮ್ಮನ ಮಡಿಲಲ್ಲಿ ಕೂತಿದ್ದಳು. ಮುಖ ಬಿಳುಚಿ, ತೊಳೆದ ಬಟ್ಟೆಯಂತಿತ್ತು.

“ನೀವು ನನ್ನನ್ನ ಕರೀಲೇ ಇಲ್ಲ,” ಎಂದಳು ಮೊದಲಿಗೇ.

“ನೀನು ಮಲಗಿದ್ದೆ ಚಿನ್ನ.”

“ಎಬ್ಬಿಸಬೇಕಿತ್ತು.”

“ಹೂಂ. ಎಬ್ಬಿಸಬೇಕಿತ್ತು. ತಪ್ಪು ನಂದೇ,” ಎಂದಳು ವರ್ನೆಲ್. “ಈಗ ಕರೀತೀನಿ. ಹೇಳ್ತೀಯಾ?”

“ಹೇಳಲ್ಲ.”

ಕೊರಿನ್ ಹಿಂದಿನಿಂದ ಏನೋ ಅನ್ನಲು ಬಂದಳು. ಡೆಸಿ ತಲೆ ಅಲ್ಲಾಡಿಸಿದಳು. “ಇಲ್ಲಿ ನಂಗೆ ಯಾರೂ ಇಲ್ಲ. ನಿಮ್ಮನೇಲಿ ನಾನು ಬಾಗಿಲ ಪಕ್ಕ ಕೂತ್ಕೋತೀನಿ. ಮೊನ್ನೆ ನೀವು ಜೋಳದ ಬ್ರೆಡ್ಡು ಸೀಯಿಸಿದ್ರಿ. ಜೂಡ್ ತಿನ್ನದೆ ಕುರ್ಚಿ ಕೆಳಗೆ ಬಿಸಾಕಿದ.”

ಜೂಡ್ ಎಂಬವನು ಈ ಮನೆಗೆ ಬಂದದ್ದೇ ಡೆಸಿ ಈ ಊರು ಬಿಟ್ಟ ಮೇಲೆ. ಜೂಡ್ ಕೆಂಪಾಗಿ, “ಸುಳ್ಳು, ಒಂದೇ ತುಂಡು ಬಿಸಾಕಿದ್ದು,” ಎಂದ.

ಒತ್ತಾಯ ಮಾಡಲು ವರ್ನೆಲ್ಲಳಿಂದ ಆಗುವುದಿಲ್ಲ ಎಂದು ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಾನು ಗಡಿಯಾರ ನೋಡಿದೆ, ಅರಸೇಲಿ ನನ್ನನ್ನು ನೋಡಿದಳು. ಅಷ್ಟರಲ್ಲಿ ರುಬೆನ್ ಅಮ್ಮನ ತೋಳು ಬಿಟ್ಟು, ನೆಟ್ಟಗೆ ಬಂದು ಫೋನಿನ ಮುಂದೆ ನಿಂತ.

“ಅವನ್ಯಾರು?” ಎಂದಳು ಡೆಸಿ.

“ರುಬೆನ್. ಜಾಗ ಬೇಕು ಅಂತ ಬಂದಿದ್ದಾನೆ.”

“ಅವನ ಸಾಮಾನೂ ಕಟ್ಟಿದ್ರಾ?”

“ಎರಡು ಸಲ.”

“ಮಾತಾಡಲ್ವಾ?”

“ಇಲ್ಲಿಗೆ ಬಂದ ಮೇಲೆ ಇಲ್ಲ.”

ಡೆಸಿ ಬಹಳ ಹೊತ್ತು ಅವನನ್ನೇ ನೋಡಿದಳು. ಅವನೂ ನೋಡಿದ. ಆ ಎರಡು ಮಕ್ಕಳ ನಡುವೆ ಏನು ನಡೆಯಿತೋ ನಾನರಿಯೆ.

“ಅವನನ್ನ ಬಾಗಿಲ ಪಕ್ಕ ಕೂರ್ಸಿ,” ಎಂದಳು ಡೆಸಿ ಕೊನೆಗೆ. “ಅಲ್ಲಿ ಕೂತ್ರೆ ಯಾರು ಬರ್ತಾರೆ ಅಂತ ಮೊದ್ಲೇ ಗೊತ್ತಾಗುತ್ತೆ. ಕರೀರಿ ಮಿಸ್ ನೆಲ್. ಪೂರ್ತಿ ಹೆಸರು.”

ವರ್ನೆಲ್ ಎದ್ದು ನಿಂತಳು. “ಒಡೆಸ್ಸಾ ಮೇ ಪ್ರೇದರ್.”

“ಹೊರಟೆ.”

ಚಾಪೆಯ ಮೇಲಿದ್ದ ಐದೂ ಮಕ್ಕಳು ಒಟ್ಟಿಗೆ ಬಾಗಿಲ ಕಡೆ ತಿರುಗಿದವು. ಬಾಗಿಲು ಮುಚ್ಚೇ ಇತ್ತು. ಮಾತು ಬಾರದ ಮೈಲೋ ಕೈ ಎತ್ತಿ ಆ ಕಡೆಗೆ ಟಾಟಾ ಮಾಡಿದ. ಫೋನಿನಲ್ಲಿ ಕೊರಿನ್ ಅಯ್ಯೋ ಎಂದಳು. “ಏನೇ ಇದು, ಇದ್ದಕ್ಕಿದ್ದ ಹಾಗೆ ಎಷ್ಟು ಭಾರ ಆಗ್ಬಿಟ್ಟೆ! ಕಾಲೆಲ್ಲ ಜೋಮು ಹಿಡೀತು, ಇಳಿ ಕೆಳಗೆ.” ಅಳುತ್ತಾ ನಗುತ್ತಿದ್ದಳು ಪಾಪ.

ನಾನು ಎಣಿಸಿದೆ. ತಲೆ ಐದು, ಹೆಸರು ಐದು. ವರ್ನೆಲ್ ಆರೈಕೆ ಪತ್ರಕ್ಕೆ ರುಜು ಹಾಕಿದಳು, ಅರಸೇಲಿ ಅದನ್ನೆತ್ತಿಕೊಂಡು ಓಡಿದಳು. ರುಬೆನ್ ಬಾಗಿಲ ಪಕ್ಕ ಕೂತ. ಮೂರನೆಯ ವಾರ ಅವನ ಬಾಯಿಂದ ಬಂದ ಮೊದಲ ಮಾತು, ಹಾಜರಿ ಕರೆದಾಗ ಹೇಳಿದ ‘ಇದ್ದೀನಿ’.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ನವೆಂಬರಿನಲ್ಲಿ ಕೊರಿನ್ ಫೋನ್ ಮಾಡಿದಳು. ಶಾಲೆಯ ಎಣಿಕೆ ಸರಿಯಾಗಿತ್ತು, ಡೆಸಿಗೆ ಇಬ್ಬರು ಗೆಳತಿಯರಾಗಿದ್ದರು, ಇಡೀ ದಿನ ಕಿರುಚಾಟವಂತೆ. ಥ್ಯಾಂಕ್ಸ್ ಹೇಳಲು ಮಿಸ್ ನೆಲ್‌ಗೆ ಕಾರ್ಡು ಬರೆ ಎಂದು ಮಗಳನ್ನು ಕೂರಿಸಿದಳಂತೆ. ಡೆಸಿ, ಯಾರಿಗೆ ಎಂದು ಕೇಳಿದಳಂತೆ. ಫೋಟೋ ತೋರಿಸಿದರೂ ಗುರುತು ಸಿಗಲಿಲ್ಲ. ಆ ಮನೆ, ಆ ಅಂಗಳ, ಫಿರಂಗಿಯ ಸದ್ದು, ಯಾವುದೂ ಇಲ್ಲ.

“ಏನೂ ಅಂದ್ರೆ ಏನೂ ನೆನಪಿಲ್ಲ ಡಾರ್ಲಾ. ಇದನ್ನ ಆಕೆಗೆ ಹೇಳ್ಲಾ ಬೇಡ್ವಾ?”

ನಾನೇ ಹೇಳಿದೆ. ವರ್ನೆಲ್ ಮಕ್ಕಳ ಸ್ವೆಟರು ಮಡಿಸುತ್ತಿದ್ದಳು. ಕೈ ನಿಲ್ಲಲಿಲ್ಲ. “ಹತ್ತೊಂಬತ್ತು ವರ್ಷದಲ್ಲಿ ನಲವತ್ಮೂರು ಮಕ್ಕಳು ಹೋದ್ವು,” ಎಂದಳು. “ಒಂದೂ ಒಂದು ಕಾಗದ ಹಾಕಿಲ್ಲ. ಕ್ರಿಸ್‌ಮಸ್ಸಿಗೂ ಇಲ್ಲ. ಇದೇ ನೆಲೆಗೆ ಸೈನಿಕನಾಗಿ ವಾಪಸ್ ಬಂದವನೊಬ್ಬ ನನ್ನ ಮುಂದೇ ಹಾದುಹೋದ. ಮಕ್ಕಳ ಬುದ್ಧಿನೇ ಅಷ್ಟು, ಮರೀತಾವೆ ಅಂದ್ಕೊಂಡಿದ್ದೆ.” ಆಮೇಲೆ ಮುಖಕ್ಕೆ ಸ್ವೆಟರು ಒತ್ತಿಕೊಂಡಳು. “ಅವುಗಳ ನೆನಪನ್ನ ನಾನೇ ಅಳಿಸ್ತಾ ಇದ್ದೆ, ನೋಡು. ಒಂದೊಂದನ್ನೂ ನಿಲ್ಲಿಸಿ, ಹೆಸರು ಹಿಡಿದು.”

ಅವಳ ಪಕ್ಕ ಕೂತು ಸ್ವೆಟರು ಮಡಿಸಿದೆ. ಬೇರೇನು ಮಾಡಲು ಗೊತ್ತಿತ್ತು ನನಗೆ?

ರುಬೆನ್ ಆ ಮನೆಯಲ್ಲಿ ಎರಡು ವರ್ಷ ಎಂಟು ತಿಂಗಳು ಇದ್ದ. ಅರಸೇಲಿ ವಾರಗಟ್ಟಲೆ ಮೈದಾನದಲ್ಲಿರುವಾಗ ಅವನು ಮಲಗುತ್ತಿದ್ದದ್ದೂ ಅಲ್ಲೇ. ಮಾತು ಶುರುವಾದದ್ದು ನಿಲ್ಲಲೇ ಇಲ್ಲ. ಬಟಾಣಿ ಸುಲಿಯುವಾಗ ವರ್ನೆಲ್ಲಳ ತೊಡೆಗೆ ಒರಗಿ ಕೂತು ಅವಳ ಬೂಟಿನ ದಾರ ಬಿಚ್ಚುವುದು, ಕಟ್ಟುವುದು. ಮುದ್ದು ಮಾಡದ ಹೆಂಗಸು ಎಂದೆನಲ್ಲ, ಅವನ ತಲೆ ಸವರುವುದನ್ನು ನಾನೇ ಎಷ್ಟೋ ಸಲ ನೋಡಿ, ನೋಡದವಳಂತೆ ಹಾಲಿನ ತಾರೀಕು ಓದಿದ್ದೇನೆ. ಹೋದ ಜೂನ್‌ನಲ್ಲಿ ಅರಸೇಲಿಗೆ ಜಾರ್ಜಿಯಾಕ್ಕೆ ವರ್ಗದ ಆದೇಶ ಬಂತು.

ಕೊನೆಯ ದಿನ ನಾನು ಬೇಕೆಂದೇ ಬೇಗ ಹೋದೆ. ರುಬೆನ್ ಮಧ್ಯಾಹ್ನದ ನಿದ್ದೆಯಲ್ಲಿದ್ದ.

“ವರ್ನೆಲ್, ನನ್ನ ಮಾತು ಕೇಳು,” ಎಂದೆ. “ಹೇಳಿಸಬೇಡ ಕಣೇ. ಹೀಗೇ ಮಲಗಿದ್ದಾಗಲೇ ಎತ್ಕೊಂಡು ಹೋಗಲಿ. ನಿನ್ನ ಪರವಾನಗಿ ಐದಕ್ಕೇ ಇಳಿಸ್ತೀನಿ. ಯಾರಿಗೂ ಗೊತ್ತಾಗಲ್ಲ. ಒಂದಾದರೂ ಉಳೀಲಿ ನಿನಗೆ.”

ಹದಿನೇಳು ವರ್ಷದ ಕೆಲಸದಲ್ಲಿ ನಾನು ಯಾರಿಗಾದರೂ ತಪ್ಪು ಮಾಡು ಎಂದದ್ದು ಅದೊಂದೇ ಸಲ. ಅವಳು ನಿದ್ದೆ ಹೋದ ಮಗುವನ್ನು ನೋಡುತ್ತಾ ಬಹಳ ಹೊತ್ತು ನಿಂತಳು. ಆಸೆಯಾಯಿತು ಅವಳಿಗೆ. ನಾನು ಕಣ್ಣಾರೆ ಕಂಡೆ.

“ಅಲ್ಲಿ ಇವನನ್ನ ಯಾರು ಎಣಿಸ್ತಾರೆ ಡಾರ್ಲಾ?” ಎಂದಳು. ಬಗ್ಗಿ, ಅವನ ಭುಜ ಅಲ್ಲಾಡಿಸಿ ಎಬ್ಬಿಸಿದಳು.

ಅರಸೇಲಿ ಬಂದಳು. ಮಕ್ಕಳು ಸಾಲಾಗಿ ನಿಂತವು. ವರ್ನೆಲ್ ಹೆಸರು ಕರೆಯುವ ಮುಂಚೆ ಅವನ ಕಾಲರು ಸರಿ ಮಾಡಿದಳು, ಇನ್ನೊಮ್ಮೆ ಸರಿ ಮಾಡಿದಳು. ಅವನು ಅವಳ ಕುತ್ತಿಗೆಗೆ ಜೋತುಬಿದ್ದು, ದಿನಾ ಫೋನ್ ಮಾಡ್ತೀನಿ ಮಿಸ್ ನೆಲ್, ಆಣೆ, ಎಂದ. ಹೂಂ ಎಂದಳು. ಆಮೇಲೆ ಎದ್ದು ನಿಂತು ಕರೆದಳು.

“ರುಬೆನ್ ಎಲಿಸಿಯೊ ಜಮರಿಪಾ.”

“ಹೊರಟೆ!” ಬೀದಿಗೇ ಕೇಳುವಂತೆ ಕೂಗಿದ. ಬೂಟು ತಾನೇ ಹಾಕಿಕೊಂಡ. ಬಾಗಿಲು ದಾಟಿ, ಮೆಟ್ಟಿಲಿಳಿದು, ಏನೋ ನೆನಪಾದವನಂತೆ ತಿರುಗಿದ. ಅಪರಿಚಿತ ದೊಡ್ಡವರ ಮುಂದೆ ನಿಲ್ಲಲು ಸೈನಿಕರ ಮಕ್ಕಳಿಗೆ ಕಲಿಸಿರುತ್ತಾರಲ್ಲ, ಹಾಗೆ ನೆಟ್ಟಗೆ ನಿಂತು ವರ್ನೆಲ್ಲಳ ಮುಖ ನೋಡಿದ.

“ಥ್ಯಾಂಕ್ಯೂ, ಮ್ಯಾಮ್,” ಎಂದ.

“ಹೋಗಿ ಬಾ ಪುಟ್ಟ,” ಎಂದಳು ವರ್ನೆಲ್. ಕಾರು ತಿರುವು ದಾಟುವ ತನಕ ನಿಂತಿದ್ದಳು. ಮತ್ತೆ ನನ್ನ ಕಡೆ ತಿರುಗಿ, “ಎಷ್ಟು ಮರ್ಯಾದಸ್ಥ ಹುಡುಗ ನೋಡು,” ಎಂದು ಹೇಳಿ ಒಳಗೆ ಹೋದಳು.